‘ಜರ್ಮನ್ ಕಲೆಗೆ’ ಮುಡಿಪಾದ ಮನೆಗೆ ಫ್ರೆಂಚ್ ಚಿತ್ರಗಳು ಬಂದ ಬಗೆ

ಬರ್ಲಿನ್ನಿನ ಮ್ಯೂಸಿಯಂ ದ್ವೀಪದಲ್ಲಿರುವ ಆಲ್ಟೆ ನ್ಯಾಷನಲ್‌ಗ್ಯಾಲರಿಯನ್ನು ನೋಡಲು ಹೋದವರು ಮೆಟ್ಟಿಲು ಹತ್ತುವ ಮುನ್ನ ಒಮ್ಮೆ ತಲೆಯೆತ್ತಿ ನೋಡಬೇಕು. ಎತ್ತರದ ಜಗತಿಯ ಮೇಲೆ ಪ್ರಾಚೀನ ದೇಗುಲದಂತೆ ನಿಂತಿರುವ ಆ ಕಟ್ಟಡದ ಹಣೆಯಲ್ಲಿ ‘ಜರ್ಮನ್ ಕಲೆಗೆ’ ಎಂಬ ಮಾತೂ ಜರ್ಮನ್ ಸಾಮ್ರಾಜ್ಯ ಹುಟ್ಟಿದ 1871ರ ಇಸವಿಯೂ ಕಾಣುತ್ತವೆ. ಒಳಗೆ ಮಾತ್ರ ಮಾನೆ, ಸೆಜಾನ್ ಮೊದಲಾದ ಫ್ರೆಂಚ್ ಕಲಾವಿದರ ಚಿತ್ರಗಳಿವೆ. ಅವು ಅಲ್ಲಿಗೆ ಸುಲಭವಾಗಿ ಬಂದವಲ್ಲ.

1861ರಲ್ಲಿ ತೀರಿಕೊಂಡ ಬ್ಯಾಂಕರ್ ವಾಗೆನರ್ ತಮ್ಮ 262 ಚಿತ್ರಗಳನ್ನು ಪ್ರಷ್ಯದ ದೊರೆಗೆ ಉಯಿಲು ಬರೆದಿದ್ದರು. ಅದರಲ್ಲಿ ಹೊರದೇಶದವರ ಕೃತಿಗಳೂ ಇದ್ದವೆಂಬುದನ್ನು ಮರೆಯಬಾರದು. ಆ ಸಂಗ್ರಹಕ್ಕೊಂದು ನೆಲೆಯಾಗಿ ರೂಪುಗೊಂಡ ಗ್ಯಾಲರಿ 1876ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ರಾಷ್ಟ್ರಾಭಿಮಾನದ ಸ್ಮಾರಕವೇ ಆಗಿತ್ತು.

1896ರಲ್ಲಿ ನಿರ್ದೇಶಕರಾದ ಹ್ಯೂಗೊ ಫಾನ್ ಚೂಡಿ ಅದೇ ವರ್ಷ, ಸಿರಿವಂತ ದಾನಿಗಳ ಹಣದಿಂದ, ಮಾನೆಯ ‘ಸಸ್ಯಗೃಹದಲ್ಲಿ’ ಚಿತ್ರವನ್ನು ತರಿಸಿಕೊಂಡರು. ಹಸಿರೆಲೆಗಳ ನಡುವೆ ಬೆಂಚಿನ ಮೇಲೆ ಕುಳಿತ ಹೆಂಗಸು, ಬೆಂಚಿನ ಬೆನ್ನಿಗೆ ಮೊಣಕೈಯೂರಿ ಬಾಗಿದ ಗಂಡಸು. ಚಿತ್ರದ ನಟ್ಟನಡುವೆ ಇಬ್ಬರ ಉಂಗುರದ ಕೈಗಳು ಇನ್ನೇನು ತಾಕಬೇಕು ಎನ್ನುವಷ್ಟು ಹತ್ತಿರವಿದ್ದರೂ ತಾಕುವುದಿಲ್ಲ. ಆ ಚಿತ್ರದ ಮುಂದೆ ಸಾವಧಾನವಾಗಿ ನಿಲ್ಲಬೇಕು. ಮರುವರ್ಷ ಸೆಜಾನ್‌ನ ಚಿತ್ರವೂ ಬಂತು; ಅವನ ಕೃತಿಯನ್ನು ಕೊಂಡ ಮೊದಲ ಮ್ಯೂಸಿಯಂ ಇದೇ.

ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್‌ಗೆ ಇದು ಸಹನೆಯಾಗಲಿಲ್ಲ. ಫ್ರೆಂಚ್ ಚಿತ್ರಗಳು ಪ್ರಮುಖ ಜಾಗಗಳಿಂದ ಮೇಲಿನ ಮಹಡಿಗೆ ಸರಿದವು; ದಾನವಾಗಿ ಬಂದ ಕೃತಿಗೂ ಅರಮನೆಯ ಒಪ್ಪಿಗೆ ಬೇಕೆಂಬ ಕಟ್ಟಳೆ ಬಂತು. ಚೂಡಿ ಜರ್ಮನ್ ಕಲೆಯನ್ನು ಕಡೆಗಣಿಸಿದರೆಂಬ ದೂರಂತೂ ಅನ್ಯಾಯದ್ದು, ಏಕೆಂದರೆ ಮರೆತುಹೋಗಿದ್ದ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನನ್ನು ಜನರ ಕಣ್ಣಿಗೆ ಮರಳಿ ತಂದ 1906ರ ದೊಡ್ಡ ಪ್ರದರ್ಶನದ ಹಿಂದೆಯೂ ಅವರಿದ್ದರು. ಆದರೂ ಹೊಸ ಖರೀದಿಗಳ ಜಗಳ ಬಿಗಡಾಯಿಸಿ, 1909ರಲ್ಲಿ ಅವರು ಮ್ಯೂನಿಕ್‌ಗೆ ಹೊರಟರು.

ಎರಡನೆಯ ಮಹಾಯುದ್ಧದ ಕೊನೆಗೆ ಮಾನೆಯ ಆ ಚಿತ್ರ ಅಮೆರಿಕನ್ ಸೈನಿಕರಿಗೆ ಸಿಕ್ಕಿದ್ದು ಮೆರ್ಕರ್ಸ್‌ನ ಉಪ್ಪಿನ ಗಣಿಯೊಳಗೆ. ನಗರದಂತೆ ಸಂಗ್ರಹವೂ ಇಬ್ಭಾಗವಾಯಿತು: ಕಟ್ಟಡ ಪೂರ್ವ ಬರ್ಲಿನ್ನಿನಲ್ಲಿ ಉಳಿಯಿತು, ಪಶ್ಚಿಮದ ಪಾಲಿಗೆ ಬಂದ ಚಿತ್ರಗಳಿಗೆ 1968ರಲ್ಲಿ ಬೇರೆಯೇ ಗ್ಯಾಲರಿ ಎದ್ದಿತು. ಜರ್ಮನಿ ಒಂದಾದ ಮೇಲೆ, 2001ರಲ್ಲಿ ದುರಸ್ತಿ ಮುಗಿದು ಹಳೆಯ ಕಟ್ಟಡ ಮತ್ತೆ ತೆರೆದಾಗ, ಚೂಡಿ ತರಿಸಿದ ಚಿತ್ರಗಳು ಫ್ರೀಡ್ರಿಕ್‌ನ ಚಿತ್ರಗಳಿರುವ ಸೂರಿನಡಿಗೇ ಮರಳಿದ್ದವು.