ಕೆರೆಯ ಅಂಚು ಎಷ್ಟು ಓರೆಯಾಗಿರಬೇಕು?

ಬೆಂಗಳೂರಿನಂಥ ಊರಿನಲ್ಲಿ ಕೆರೆಯೊಂದರ ಅಭಿವೃದ್ಧಿಗೆ ತಯಾರಾಗುವ ಅಂದಾಜು ಪಟ್ಟಿಯಲ್ಲಿ ಸಾಮಾನ್ಯವಾಗಿ ಎತ್ತಬೇಕಾದ ಹೂಳು ಘನ ಮೀಟರುಗಳಲ್ಲಿ, ಕಲ್ಲುಹೊದಿಕೆ ಚದರ ಮೀಟರುಗಳಲ್ಲಿ, ತಂತಿಬೇಲಿ ಮೀಟರುಗಳಲ್ಲಿ, ದೀಪದ ಕಂಬಗಳು ಸಂಖ್ಯೆಯಲ್ಲಿ ನಮೂದಾಗಿರುತ್ತವೆ. ನೀರು ಮತ್ತು ನೆಲ ಕೂಡುವ ಅಂಚು ಎಷ್ಟು ಓರೆಯಾಗಿರಬೇಕು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಅಷ್ಟಾಗಿ ಜಾಗ ಸಿಗುವುದಿಲ್ಲ. ಅಗೆಯುವ ಯಂತ್ರಕ್ಕೆ ಯಾವುದು ಸುಲಭವೋ ಅದೇ ಇಳಿಜಾರು ಉಳಿಯುತ್ತದೆ. ಆದರೆ ಮನುಷ್ಯರನ್ನು ಬಿಟ್ಟು ಉಳಿದವರಿಗೆ ಕೆರೆ ಕೆರೆಯಾಗುವುದು ಬಹುಮಟ್ಟಿಗೆ ಈ ಒಂದು ಕೋನದಿಂದಲೇ.

ಲೆಕ್ಕ ಸರಳವಾಗಿದೆ. ಎರಡು ಅಡಿ ಒಳಗೆ ಹೋದರೆ ಒಂದು ಅಡಿ ಆಳವಾಗುವಂತೆ ಅಂಚನ್ನು ಕಡಿದಿದ್ದರೆ, 15 ಸೆಂಟಿಮೀಟರಿಗಿಂತ ಕಡಿಮೆ ಆಳದ ನೀರು ಸಿಗುವುದು ದಡದುದ್ದಕ್ಕೂ ಕೇವಲ 30 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ. ಮೂವತ್ತು ಅಡಿಗೆ ಒಂದು ಅಡಿ ಇಳಿಯುವ ಹಾಗಿದ್ದರೆ ಅದೇ ಪಟ್ಟಿಯ ಅಗಲ ನಾಲ್ಕೂವರೆ ಮೀಟರ್ ಆಗುತ್ತದೆ. ಸುತ್ತಳತೆ 2 ಕಿಲೋಮೀಟರ್ ಇರುವ ಕೆರೆಯಲ್ಲಿ ಮೊದಲನೆಯದು 600 ಚದರ ಮೀಟರ್, ಎಂದರೆ 30–40ರ ಐದಾರು ಸೈಟುಗಳಷ್ಟು ಜಾಗ. ಎರಡನೆಯದು ಎರಡು ಎಕರೆಗೂ ಮಿಕ್ಕಿದ್ದು. ಬೇಸಿಗೆಯಲ್ಲಿ ನೀರು ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ಆವಿಯಾಗಿ ಇಳಿಯುತ್ತದೆ ಎಂದಿಟ್ಟುಕೊಂಡರೆ, ಕಡಿದಾದ ದಡದಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ಹೊಸ ಕೆಸರು ತೆರೆದುಕೊಂಡರೆ, ಓರೆಯಾದ ದಡದಲ್ಲಿ 15 ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. ಹುಳುಗಳಿಂದ ತುಂಬಿದ ಈ ಹಸಿ ಕೆಸರು ಕೆಲವು ಹಕ್ಕಿಗಳಿಗೆ ದಿನವೂ ಹೊಸದಾಗಿ ಬಡಿಸಿದ ಎಲೆ.

ಹಕ್ಕಿಗಳು ನೀರಿನ ಆಳವನ್ನು ಕಾಲಿನಿಂದಲೇ ಹಂಚಿಕೊಂಡಿವೆ. ಸೈಬೀರಿಯಾದಂಥ ಉತ್ತರದ ಜೌಗುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಗೊರವ ಜಾತಿಯ ಪುಟ್ಟ ಹಕ್ಕಿಗಳು ಕೆಲವೇ ಸೆಂಟಿಮೀಟರ್ ನೀರಿನಲ್ಲಿ ಕೆಸರನ್ನು ಚುಚ್ಚುತ್ತ ನಡೆಯುತ್ತವೆ. ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಒಂದು ಗೇಣು ನೀರಿನವರೆಗೂ ಇಳಿಯಬಲ್ಲದು. ಬಕ, ಬೆಳ್ಳಕ್ಕಿಗಳು ನಿಂತು ಕಾಯಲು ಮೊಣಕಾಲು ಮುಳುಗುವಷ್ಟು ನೀರು ಬಯಸುತ್ತವೆ. ಚುಕ್ಕೆಕೊಕ್ಕಿನ ಬಾತು ತಲೆಕೆಳಗಾಗಿ ಬಾಲವೆತ್ತಿ ತಿನ್ನುವುದರಿಂದ ಅದರ ಕತ್ತು ತಲುಪುವಷ್ಟು ಆಳದಲ್ಲಿ ಸಸ್ಯಗಳಿರಬೇಕು. ನೀರುಕಾಗೆ ಮತ್ತು ಗುಳುಮುಳುಕಗಳಿಗಷ್ಟೇ ಆಳವಾದ ನೀರು ಸಾಕು. ಹೀಗಾಗಿ ಒಂದೇ ಆಳಕ್ಕೆ ತೋಡಿ ಸುತ್ತಲೂ ಕಡಿದಾದ ದಡ ಕಟ್ಟಿದ ಕೆರೆಯಲ್ಲಿ ನೀರು ತುಂಬಿ ತುಳುಕುತ್ತಿದ್ದರೂ ಹಕ್ಕಿಗಳ ಪಟ್ಟಿ ಚಿಕ್ಕದಾಗುತ್ತದೆ. ಮುಳುಗುವವು ಉಳಿದು ನಡೆಯುವವು ಹೋಗುತ್ತವೆ. ಕೆರೆಗಳ ಬಗ್ಗೆ ಕಾಳಜಿಯುಳ್ಳವರು ಇಂಥ ಕೆರೆಯನ್ನು 'ಸೂಪ್ ಬಟ್ಟಲು' ಎನ್ನುತ್ತಾರೆ, ತಪ್ಪಿಲ್ಲ.

ಕಾಲಿಲ್ಲದವರ ಮತ್ತು ಈಗಷ್ಟೇ ಕಾಲು ಬಂದವರ ಕಷ್ಟ ಇನ್ನೂ ಹೆಚ್ಚಿನದು. ಗೊದಮೊಟ್ಟೆಗಳು ಬೆಳೆಯುವುದು ಬಿಸಿಲಿಗೆ ಬೇಗ ಬೆಚ್ಚಗಾಗುವ ತೆಳು ನೀರಿನಲ್ಲಿ. ಬಾಲ ಕರಗಿ ಶ್ವಾಸಕೋಶ ಬಂದ ಮೇಲೆ ಮರಿಗಪ್ಪೆ ನೀರಿನಿಂದ ಹೊರಬರಲೇಬೇಕು, ಎದುರಿಗಿರುವುದು ಲಂಬವಾದ ಗೋಡೆಯಾದರೆ ಅನೇಕ ಜಾತಿಗಳ ಮರಿಗಳಿಗೆ ಅದನ್ನು ಏರುವುದು ಸಾಧ್ಯವಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ತಿಂಗಳುಗಟ್ಟಲೆ ನೀರೊಳಗೆ ಬೇಟೆಯಾಡಿ, ಕೊನೆಗೆ ಜೊಂಡಿನ ಕಾಂಡವೊಂದನ್ನು ಹತ್ತಿ ಚರ್ಮ ಕಳಚಿ ರೆಕ್ಕೆ ಬಿಚ್ಚುತ್ತದೆ. ಜೊಂಡು ಬೇರೂರುವುದು ಆಳವಿಲ್ಲದ ನೀರಿನಲ್ಲಿ ಮಾತ್ರ. ಸೊಳ್ಳೆಯ ಮರಿಗಳನ್ನು ತಿನ್ನುವವರಲ್ಲಿ ಈ ಚಿಟ್ಟೆಯ ಮರಿಯೂ ಒಂದು ಎಂಬುದನ್ನು, ಜೊಂಡನ್ನು ಕಂಡೊಡನೆ ಸೊಳ್ಳೆಯ ದೂರು ಹೇಳುವವರು ಗಮನಿಸಬೇಕು.

ಹಳೆಯ ಕೆರೆಗಳನ್ನು ಹಕ್ಕಿಗಳಿಗಾಗಿ ಯಾರೂ ಕಟ್ಟಲಿಲ್ಲ. ದೊಡ್ಡ ನದಿಯಿಲ್ಲದ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಮಳೆನೀರನ್ನು ತಡೆದು ಅಚ್ಚುಕಟ್ಟಿಗೆ ಹರಿಸುವುದೇ ಉದ್ದೇಶವಾಗಿತ್ತು. ಆದರೆ ಕಟ್ಟಿದ್ದು ಒಂದೇ ಬದಿಯಲ್ಲಿ: ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ, ಅದಕ್ಕೊಂದು ತೂಬು, ಹೆಚ್ಚಾದ ನೀರಿಗೆ ಕೋಡಿ. ಉಳಿದ ಮೂರು ಬದಿಗಳು ನೆಲ ಇದ್ದ ಹಾಗೆಯೇ ನಿಧಾನವಾಗಿ ಇಳಿಯುತ್ತಿದ್ದವು. ಮಳೆಗಾಲ ಮುಗಿದು ನೀರು ಹಿಂದೆ ಸರಿದಂತೆ ತೆರೆದುಕೊಳ್ಳುತ್ತಿದ್ದ ಆ ಜಾಗಕ್ಕೆ ಕನ್ನಡದಲ್ಲಿ ಕೆರೆಯಂಗಳ ಎಂಬ ಹೆಸರಿದೆ. ಅಂಗಳ ಎಂದ ಮೇಲೆ ಅದು ಮನೆಯ ಭಾಗವೇ ತಾನೆ? ಅಲ್ಲಿ ದನ ಮೇಯುತ್ತಿದ್ದವು, ಕುಂಬಾರರು ಜೇಡಿಮಣ್ಣು ಒಯ್ಯುತ್ತಿದ್ದರು, ರೈತರು ಗೋಡುಮಣ್ಣನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು. ತೂಬನ್ನು ತೆಗೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಂಚಲು ನೀರುಗಂಟಿ ಇದ್ದ. ಅವನ ಸಂಬಳ ಸುಗ್ಗಿಯಲ್ಲಿ ಕಣದಿಂದ ಕಾಳಿನ ರೂಪದಲ್ಲಿ ಬರುತ್ತಿತ್ತು. ಈ ವ್ಯವಸ್ಥೆಯಲ್ಲಿ ಜಾತಿಯ ಮೇಲುಕೀಳು ಗಟ್ಟಿಯಾಗಿಯೇ ಇತ್ತು, ನೀರು ಎಲ್ಲರಿಗೂ ಸಮನಾಗಿ ಸಿಗುತ್ತಿರಲಿಲ್ಲ. ಅದನ್ನು ಮರೆಸಿ ಹಳೆಯದನ್ನೆಲ್ಲ ಹೊಗಳುವುದು ನನಗೆ ಬೇಕಿಲ್ಲ. ಆದರೆ ಕೆರೆಯ ರಸಾಯನ ಕೆಟ್ಟುಹೋಗದಂತೆ ಆ ಜನರ ದುಡಿಮೆ ಏನು ಮಾಡುತ್ತಿತ್ತು ಎಂಬುದನ್ನು ಗುರುತಿಸುವುದು ಬೇಕು.

ಚರಂಡಿ ನೀರಿನೊಂದಿಗೆ ಕೆರೆಗೆ ಬರುವ ಪೋಷಕಾಂಶಗಳಲ್ಲಿ ಮುಖ್ಯವಾದವು ಎರಡು, ಸಾರಜನಕ ಮತ್ತು ರಂಜಕ. ಸಾರಜನಕಕ್ಕೆ ಗಾಳಿಗೆ ಮರಳುವ ದಾರಿಯಿದೆ: ಜೊಂಡಿನಂಥ ಗಿಡಗಳು ಟೊಳ್ಳು ಕಾಂಡದ ಮೂಲಕ ಬೇರಿಗೆ ಆಮ್ಲಜನಕ ಇಳಿಸುತ್ತವೆ, ಆ ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತವೆ, ಒಂದೆರಡು ಅಂಗುಲ ಆಚೆ ಆಮ್ಲಜನಕವಿಲ್ಲದ ಕೆಸರಿನಲ್ಲಿರುವ ಬೇರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಬಿಟ್ಟುಬಿಡುತ್ತವೆ. ಆಮ್ಲಜನಕವಿರುವ ಮತ್ತು ಇಲ್ಲದಿರುವ ಎರಡು ಲೋಕಗಳು ಇಷ್ಟು ಹತ್ತಿರ ಇರುವುದು ಬೇರುಗಳಿಂದ ತುಂಬಿದ ಈ ತೆಳುನೀರಿನ ಅಂಚಿನ ವಿಶೇಷ. ರಂಜಕಕ್ಕೆ ಅಂಥ ದಾರಿಯಿಲ್ಲ. ಗಿಡ ಅದನ್ನು ಹೀರಿಕೊಂಡರೂ ಸತ್ತು ಕೊಳೆತಾಗ ನೀರಿಗೇ ಮರಳಿಸುತ್ತದೆ. ಹರಿದು ಹೋಗುವ ನೀರಿನೊಂದಿಗೆ ಹೋದಷ್ಟನ್ನು ಬಿಟ್ಟರೆ, ಯಾರಾದರೂ ಹೊತ್ತು ಹೊರಗೆ ಒಯ್ದರೆ ಮಾತ್ರ ಅದು ಕೆರೆ ಬಿಡುತ್ತದೆ. ಹುಲ್ಲು ಕೊಯ್ದು ಹಸುವಿಗೆ ಹಾಕುವ ಹೆಂಗಸು, ಮೀನು ಹಿಡಿಯುವವನು, ಗೋಡು ಹೊಡೆಯುವ ರೈತ, ಮಣ್ಣು ಒಯ್ಯುವ ಕುಂಬಾರ ಎಲ್ಲರೂ ರಂಜಕವನ್ನು ಹೊರಗೆ ಸಾಗಿಸುವವರೇ. ಇವರನ್ನು ಬೇಲಿಯಾಚೆ ನಿಲ್ಲಿಸಿದ ಮೇಲೆ ಅದೇ ಕೆಲಸಕ್ಕೆ ಕಳೆ ತೆಗೆಯುವ ಯಂತ್ರವನ್ನು ಬಾಡಿಗೆಗೆ ತರಿಸಬೇಕಾಗುತ್ತದೆ. ಕಾರ್ಖಾನೆಯ ಕೊಳಚೆ ಸೇರುವ ಕೆರೆಯಲ್ಲಿ ಮಾತ್ರ ಈ ಮಾತು ನಿಲ್ಲುವುದಿಲ್ಲ. ಸೀಸ, ಕ್ಯಾಡ್ಮಿಯಂಗಳು ಹುಲ್ಲಿನಿಂದ ಹಾಲಿಗೆ ಬರಬಹುದು, ಆದ್ದರಿಂದ ಅದನ್ನು ಮೂಲದಲ್ಲೇ ತಡೆಯುವುದು ಮೊದಲ ಕೆಲಸ.

ಬೆಂಗಳೂರಿನಲ್ಲೇ ಇದನ್ನು ಅರ್ಥಮಾಡಿಕೊಂಡು ಮಾಡಿದ ಕೆಲಸಗಳಿವೆ. ಜಕ್ಕೂರು ಕೆರೆಯ ಮೇಲ್ಭಾಗದಲ್ಲಿ ಮೊದಲಿಗೆ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕ ಬಂತು. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾದು ಬರುವಂತೆ ಮಾಡಲಾಗಿದೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು 2009ರ ಸುಮಾರಿನಿಂದ ನಿವಾಸಿಗಳು ಮತ್ತು ನಗರಪಾಲಿಕೆ ಕೂಡಿ ಸರಿಪಡಿಸಿದಾಗ, ವಾಯುವಿಹಾರಿಗಳ ಜೊತೆಗೆ ಮೇವು ಕೊಯ್ಯುವವರ ಮಾತೂ ಲೆಕ್ಕಕ್ಕೆ ಬಂತು. ನಗರದ ಕೆರೆಗಳನ್ನು ಸಾಮುದಾಯಿಕ ಸಂಪತ್ತಾಗಿ ಅಧ್ಯಯನ ಮಾಡಿರುವ ಹರಿಣಿ ನಾಗೇಂದ್ರ ಅವರ ಬರಹಗಳು ಗಮನಕ್ಕೆ ತಂದದ್ದೂ ಇದನ್ನೇ: ಕೆರೆ ನೋಡುವ ತಾಣವಾಗುತ್ತ ಹೋದಂತೆ ಅದನ್ನು ಬಳಸಿ ಬದುಕುತ್ತಿದ್ದ ಬಡವರು ಮೆಲ್ಲಗೆ ಹೊರಬೀಳುತ್ತಾರೆ.

ಹಳ್ಳಿಯ ಕಡೆಗೆ ನೋಡಿದರೆ ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. ನೀರಾವರಿಗೆಂದು ಕಟ್ಟಿದ ಇದು 2024ರಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜೊತೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ನೀರಿನಲ್ಲಿ ವಿಶ್ರಮಿಸಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಆ ಹೊಲಗಳ ಒಡೆಯರು ಸಹಿಸಿಕೊಂಡಿರುವುದೂ ಆ ಕೆರೆಯ ವಿನ್ಯಾಸದ ಒಂದು ಭಾಗವೆಂದು ನಾನು ತಿಳಿಯುತ್ತೇನೆ.

ಎಂಜಿನಿಯರುಗಳ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮೂವತ್ತಕ್ಕೆ ಒಂದರ ಇಳಿಜಾರಿನಲ್ಲಿ ಒಂದು ಮೀಟರ್ ಆಳ ಸಿಗಬೇಕಾದರೆ 30 ಮೀಟರ್ ಒಳಗೆ ಹೋಗಬೇಕು. ಒತ್ತುವರಿಯಿಂದ ಸೊರಗಿದ ಚಿಕ್ಕ ಕೆರೆಯಲ್ಲಿ ಅಷ್ಟು ಜಾಗವಿಲ್ಲ, ಅದೇ ವಿಸ್ತೀರ್ಣದಲ್ಲಿ ಹಿಡಿಯುವ ನೀರೂ ಕಡಿಮೆಯಾಗುತ್ತದೆ. ಏರಿಯ ಬದಿಗೆ ಅಲೆಯ ಹೊಡೆತ ತಡೆಯಲು ಕಲ್ಲುಹೊದಿಕೆ ಇರಲೇಬೇಕು. ಒಪ್ಪುವ ಮಾತೇ. ಆದರೆ ಏರಿಯ ರಚನೆಯನ್ನೇ ಕೆರೆಯ ಸುತ್ತಲೂ ಎಳೆದು 'ರಿಂಗ್ ಬಂಡ್' ಮಾಡಿ ಅದರ ಮೇಲೆ ವಾಕಿಂಗ್ ಟ್ರ್ಯಾಕ್ ಹಾಸಬೇಕೆಂದು ಯಾವ ಜಲಶಾಸ್ತ್ರವೂ ಹೇಳುವುದಿಲ್ಲ. ಅದು ಅಕ್ಕಪಕ್ಕದ ನೆಲದಿಂದ ಹರಿದುಬರುವ ಮಳೆನೀರಿಗೂ ಅಡ್ಡಗಟ್ಟೆಯಾಗುತ್ತದೆ. ರಾಜಕಾಲುವೆ ಒಳಬರುವ ಕಡೆಯಲ್ಲಾದರೂ ನೆಲವನ್ನು ಓರೆಯಾಗಿಯೇ ಬಿಟ್ಟು, ನಡೆಯುವ ದಾರಿಯನ್ನು ಅಲ್ಲಿ ಹಿಂದಕ್ಕೆ ಸರಿಸಿ, ರಾತ್ರಿ ದೀಪ ಹಚ್ಚದಿದ್ದರೆ ಮುಕ್ಕಾಲು ಪಾಲು ಕೆಲಸವಾದಂತೆ. ಕೆರೆಯ ಗಡಿಯಿಂದ ಮೀಸಲು ಪ್ರದೇಶ 30 ಮೀಟರೋ 75 ಮೀಟರೋ ಎಂಬ ವಾದ ಹಸಿರು ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿಬಂದಿದೆ. ಗಡಿಯ ಒಳಗಿನ ಇಳಿಜಾರಿನ ಬಗ್ಗೆ ಅಷ್ಟು ಬಿಸಿಯಾಗಿ ವಾದಿಸಿದವರನ್ನು ನಾನು ಕಂಡಿಲ್ಲ.

ಓರೆಯಾದ ಅಂಚು ಇದ್ದರೂ ನೀರು ಇಳಿಯದಿದ್ದರೆ ಅಂಗಳ ತೆರೆದುಕೊಳ್ಳುವುದಿಲ್ಲ. ಹಿಂದೆ ಭತ್ತಕ್ಕೆ ನೀರು ಬಿಟ್ಟಾಗ ಮಟ್ಟ ತಾನಾಗಿ ತಗ್ಗುತ್ತಿತ್ತು. ಈಗ ಅಚ್ಚುಕಟ್ಟು ಬಡಾವಣೆಯಾಗಿದೆ, ತೂಬು ಹೂತುಹೋಗಿದೆ, ಮೇಲಿನಿಂದ ಸಂಸ್ಕರಿಸಿದ ನೀರು ವರ್ಷದ 365 ದಿನವೂ ಬರುತ್ತಿದೆ. ಅನೇಕ ಕೆರೆಗಳು ಬಿರುಬೇಸಿಗೆಯಲ್ಲೂ ಕೋಡಿಯ ಮಟ್ಟದಲ್ಲೇ ನಿಂತಿರುತ್ತವೆ. ತಳದ ಕೆಸರು ಬಿಸಿಲು ಕಾಣದೆ, ಗಾಳಿಯಾಡದೆ ಕೊಳೆಯುತ್ತಲೇ ಇರುತ್ತದೆ. ಹೊಸ ಕೆರೆಗೂ ತೆರೆದು ಮುಚ್ಚಬಹುದಾದ ತೂಬೊಂದು ಬೇಕು, ಅದನ್ನು ಯಾವಾಗ ಎಷ್ಟು ತೆಗೆಯಬೇಕೆಂದು ಬಲ್ಲ ಒಬ್ಬ ನೀರುಗಂಟಿಯೂ ಬೇಕು. ಜನವರಿಯಿಂದ ಮಾರ್ಚ್ ನಡುವಿನವರೆಗೆ ಮೆಲ್ಲಗೆ 45 ಸೆಂಟಿಮೀಟರ್ ಇಳಿಸಿದರೆ ಮೂವತ್ತಕ್ಕೆ ಒಂದರ ದಡದಲ್ಲಿ 13.5 ಮೀಟರ್ ಅಂಗಳ ಬಿಚ್ಚಿಕೊಳ್ಳುತ್ತದೆ. ವಲಸೆಯ ಹಕ್ಕಿಗಳು ಹಿಂದಿರುಗುವ ಮುನ್ನ ಮೈ ತುಂಬಿಕೊಳ್ಳುವ ಕಾಲವೂ ಅದೇ. ಹಾಗೆ ಬಿಟ್ಟ ನೀರು ಹೋಗುವುದು ಕೆಳಗಿನ ಕೆರೆಗೆ, ಅದು ತುಂಬಿದ್ದರೆ ಅದರ ಕೆಳಗಿನ ರಸ್ತೆಗೆ. ಆದ್ದರಿಂದ ತೂಬು ತೆಗೆಯುವ ಸರದಿ ಸರಪಳಿಯ ಕೊನೆಯ ಕೆರೆಯಿಂದ ಶುರುವಾಗಿ ಒಂದೊಂದಾಗಿ ಮೇಲಕ್ಕೆ ಬರಬೇಕಾಗುತ್ತದೆ.