ಎಲ್ಲಾ ಚೆನ್ನಾಗಿದೆ, ಆದ್ರೂ ಬೋರ್ಡ್ ಯಾಕೆ ಗಜಿಬಿಜಿ?

ಪ್ರಶ್ನೆ: ಬಾಗಲಕೋಟೆಯಲ್ಲಿ ಸೀರೆ, ಖಣದ ಅಂಗಡಿ ಶುರು ಮಾಡ್ತಿದ್ದೇವೆ ರೀ. ಬೋರ್ಡಿನ ಡಿಸೈನ್ ನಾನೇ ಮೊಬೈಲಿನಲ್ಲಿ ಮಾಡಿದೆ. ಬಣ್ಣ ಚೆನ್ನಾಗಿವೆ, ಫೋಟೋ ಚೆನ್ನಾಗಿವೆ, ಅಕ್ಷರಾನೂ ಅಡ್ಡಿಯಿಲ್ಲ. ಒಟ್ಟಿಗೆ ನೋಡಿದರೆ ಮಾತ್ರ ಗಜಿಬಿಜಿ. ಎಲ್ಲಿ ತಪ್ಪಿದೆ?

ಉತ್ತರ: ಇದಕ್ಕೆ ಎಲ್ಲರೂ ಹೇಳೋದು ಒಂದೇ, "ಸ್ವಲ್ಪ ಕಡಿಮೆ ಮಾಡ್ರಿ" ಅಂತ. ಅದು ಅರ್ಧ ಮಾತ್ರ ಸರಿ. ವಿಜಯಪುರದ ಇಬ್ರಾಹಿಂ ರೋಜಾ ನೋಡಿದ್ದೀರಲ್ಲ? ಗೋಡೆಯ ಮೇಲೆ ಬಳ್ಳಿ, ಬರಹ, ಜಾಲರಿ, ಎಲ್ಲಾ ಕೆತ್ತನೆ. ಆದರೂ ಕಣ್ಣಿಗೆ ದಣಿವಿಲ್ಲ. ಯಾಕೆಂದರೆ ಪ್ರತಿ ಕೆತ್ತನೆಗೂ ಒಂದು ಚೌಕಟ್ಟಿದೆ, ಕಮಾನುಗಳು ಒಂದು ಲಯದಲ್ಲಿ ಬರುತ್ತವೆ. ತುಂಬಿರುವುದರಿಂದ ಗಜಿಬಿಜಿ ಆಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಕಣ್ಣಿಗೆ ತಿಳಿಯದಿದ್ದಾಗ ಆಗುತ್ತದೆ.

ಗೆರೆ, ಆಕಾರ, ಬಣ್ಣ, ಅಕ್ಷರ, ಖಾಲಿ ಜಾಗ ಇವೆಲ್ಲ ಸಾಮಗ್ರಿ. ಅವು ನಿಮ್ಮ ಹತ್ತಿರ ಚೆನ್ನಾಗಿಯೇ ಇವೆ. ಅವುಗಳಲ್ಲಿ ಯಾವುದಕ್ಕೆ ಎಷ್ಟು ಜಾಗ, ಎಷ್ಟು ಒತ್ತು ಅಂತ ತೀರ್ಮಾನಿಸಬೇಕಲ್ಲ, ಅದು ಆಗಿಲ್ಲ.

ಒಂದು ಪರೀಕ್ಷೆ ಮಾಡಿ. ಮೊಬೈಲನ್ನು ಮೇಜಿನ ಮೇಲೆ ನಿಲ್ಲಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡಿ. ಮೊದಲು ಏನು ಕಂಡಿತು? ಅಂಗಡಿ ಹೆಸರು, ಸೀರೆ ಫೋಟೋ, "ಭವ್ಯ ಉದ್ಘಾಟನೆ", ಫೋನ್ ನಂಬರ್ ಎಲ್ಲಾ ಒಂದೇ ದಪ್ಪ ಕಂಡರೆ ರೋಗ ಸಿಕ್ಕಿತು. ಹೆಸರನ್ನು ಉಳಿದದ್ದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು ಮಾಡಿ. ಸ್ವಲ್ಪ ದೊಡ್ಡದು ಮಾಡಿದರೆ ಸಾಲದು, ಅದು ಕೈತಪ್ಪಿ ಆದಂತೆ ಕಾಣಿಸುತ್ತದೆ.

ಇನ್ನು ಬಣ್ಣ. ಅದಕ್ಕೆ ಪಾಠ ನಿಮ್ಮ ಅಂಗಡಿಯಲ್ಲೇ ಇದೆ. ಒಂದು ಇಳಕಲ್ ಸೀರೆ ಬಿಚ್ಚಿ ಹರಡಿ. ಒಡಲು ಕಿಕ್ಕಿರಿದಿರುವುದಿಲ್ಲ, ಒಂದೇ ಬಣ್ಣ, ಇಲ್ಲವೇ ಸಣ್ಣ ಗೆರೆ, ಚೌಕಳಿ. ಎರಡೂ ಕಡೆ ದಡಿ. ಜೋರೆಲ್ಲಾ ಸೆರಗಿಗೆ: ಕೆಂಪಿನ ಮೇಲೆ ತೆನಿ ಎಂಬ ಬಿಳಿ ವಿನ್ಯಾಸ. ಒಡಲಿನ ಹಾಸನ್ನೂ (ಉದ್ದಕ್ಕೆ ಹಾಯುವ ನೂಲು) ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅಷ್ಟು ಕಷ್ಟಪಡುವುದು ಸೆರಗು ಬೇರೆಯಾಗಿ ಎದ್ದು ಕಾಣಲಿ ಅಂತಲೇ. ನಿಮ್ಮ ಬೋರ್ಡಿಗೂ ಒಂದು ಒಡಲು ಬಣ್ಣ, ಒಂದು ದಡಿ ಬಣ್ಣ, ಒಂದು ಸೆರಗಿನ ಬಣ್ಣ ಸಾಕು. ಆಮೇಲೆ ಡಿಸೈನನ್ನು ಕಪ್ಪು ಬಿಳುಪು ಮಾಡಿ ನೋಡಿ. ಅಕ್ಷರ ಹಿನ್ನೆಲೆಯಲ್ಲಿ ಕರಗಿದರೆ ಆ ಜೋಡಿ ಬಿಡಿ. ಹಸಿರು ಮೇಲೆ ಕೆಂಪು ಬರೆದವರಿಗೆ ಇದು ಜಾಸ್ತಿ ಆಗುತ್ತದೆ. ಪರದೆಯ ಬಣ್ಣ ಬೆಳಕಿನದು, ಫ್ಲೆಕ್ಸಿನದು ಶಾಯಿಯದು. ಹೊಳೆಯುವ ಗಿಣಿ ಹಸಿರು ಅಚ್ಚಾದಾಗ ಸ್ವಲ್ಪ ಮಂಕಾಗುವುದು ಸಹಜ.

ಹತ್ತಿರ ಇಟ್ಟದ್ದನ್ನು ಕಣ್ಣು ಒಂದೇ ಗುಂಪು ಅಂದುಕೊಳ್ಳುತ್ತದೆ. 1923ರಲ್ಲೇ ಮ್ಯಾಕ್ಸ್ ವರ್ತೈಮರ್ ಎಂಬ ಮನೋವಿಜ್ಞಾನಿ ಇದನ್ನು ಬರೆದಿಟ್ಟಿದ್ದಾರೆ. ವಿಳಾಸ ಒಂದು ಮೂಲೆ, ನಂಬರ್ ಇನ್ನೊಂದು ಮೂಲೆ ಬೇಡ. ಒಟ್ಟಿಗಿಟ್ಟು, ಎಡಗಡೆ ಒಂದೇ ಗೆರೆಗೆ ಹಿಡಿಸಿ. ಸಮತೋಲ ಅಂದರೆ ಎಡಬಲ ಒಂದೇ ಥರ ಇರಲೇಬೇಕು ಅಂತಿಲ್ಲ. ಇಬ್ರಾಹಿಂ ರೋಜಾದಲ್ಲೇ ಒಂದು ಕಡೆ ಸಮಾಧಿ, ಎದುರು ಮಸೀದಿ. ಎರಡೂ ಬೇರೆ ಕಟ್ಟಡ, ಆದರೆ ತೂಕ ಹೊಂದಿದೆ.

ಕನ್ನಡ ಅಕ್ಷರದ ಕಾಟ ಬೇರೆಯೇ. ಆ್ಯಪ್‌ಗಳ ಸಾಲಿನ ಅಂತರ ಇಂಗ್ಲಿಷಿಗೆ ಹೊಂದಿಸಿದ್ದು. "ಗುಳೇದಗುಡ್ಡ" ಅಂತ ಬರೆದರೆ ಕೆಳಗಿನ ಡ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ಹೋಗಿ ಬಡಿಯುತ್ತದೆ. ಅಂತರ ಜಾಸ್ತಿ ಮಾಡಿ. ಅಕ್ಷರದ ಸುತ್ತ ದಪ್ಪ ಅಂಚು, ನೆರಳು ಹಾಕುವ ಆಸೆಯನ್ನೂ ಬಿಡಿ. ದ ಮತ್ತು ಧಗೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಅಂಚು ಹಾಕಿದರೆ ಅದೇ ಮುಚ್ಚಿಹೋಗಿ "ಧಾರವಾಡ" ದೂರದಿಂದ "ದಾರವಾಡ" ಆಗುತ್ತದೆ.

ಖಾಲಿ ಜಾಗ ಬಿಡೋಕೆ ಮನಸ್ಸು ಬರುವುದಿಲ್ಲ, ಗೊತ್ತು. ಫ್ಲೆಕ್ಸಿಗೆ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿರುತ್ತೀವಿ, ಸುಮ್ನೆ ಯಾಕೆ ಬಿಡಬೇಕು ಅಂತ. 1656ರ ಗೋಲಗುಂಬಜ್ ಕಟ್ಟಿದವರಿಗೆ ಆ ಚಿಂತೆ ಇರಲಿಲ್ಲ. ಕೆಳಗಿನ ಗೋಡೆಯಲ್ಲಿ ಕುಸುರಿ ಕಡಿಮೆ, ಹಾಗಾಗಿ 44 ಮೀಟರ್ ಅಗಲದ ಗುಮ್ಮಟದ ಮೇಲೆ ಕಣ್ಣು ನೇರ ನಿಲ್ಲುತ್ತದೆ. ಹೆಸರಿನ ಸುತ್ತ ಒಂದು ಅಕ್ಷರದಷ್ಟು ಜಾಗ ಬಿಟ್ಟು ನೋಡಿ. ಜಾಗ ಸಾಲದಿದ್ದರೆ ತೆಗೆಯಬೇಕಾದದ್ದು ಎರಡನೇ ಫೋನ್ ನಂಬರ್, ಮೂರನೇ ಫೋಟೋ, ನಾಲ್ಕು ಮೂಲೆಯ ಹೂವು.

ಅಚ್ಚಿಗೆ ಕೊಡುವ ಮುಂಚೆ ಇನ್ನೊಂದು. ಬೋರ್ಡು 8 ಅಡಿಗೆ 3 ಅಡಿ ಇದ್ದರೆ ಡಿಸೈನನ್ನು ಮೊದಲಿನಿಂದಲೇ 8:3 ಅಳತೆಯಲ್ಲಿ ಶುರು ಮಾಡಿ. ಚೌಕ ಫೈಲ್ ಕೊಟ್ಟರೆ ಫ್ಲೆಕ್ಸ್ ಅಚ್ಚು ಹಾಕುವವರು ಎಳೆದು ಕೂರಿಸುತ್ತಾರೆ, ನಿಮ್ಮ ಅಕ್ಷರಗಳೆಲ್ಲ ಅಡ್ಡಡ್ಡ ಊದಿಕೊಳ್ಳುತ್ತವೆ.