ಕೋನ ಅಳೆಯಬೇಡಿ, ಎತ್ತರ ಅಳೆಯಿರಿ

ಗನ್ನಿನ ಮೇಲೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸುವ ಮೌಂಟ್ ಹಿಡಿದು ಶಿರಸಿಯ ನಮ್ಮ ಲೇಥ್ ಶೆಡ್ಡಿಗೆ ಬರುವವರು ಮೊದಲು ಮಾಡುವ ಕೆಲಸ ಒಂದೇ. ಮೊಬೈಲಿನಲ್ಲಿ ರಸಮಟ್ಟದ ಆ್ಯಪ್ ತೆರೆದು ಮೌಂಟ್ ಮೇಲೆ ಮಲಗಿಸುತ್ತಾರೆ. "ಭಾವ, ಸೊನ್ನೆ ತೋರಿಸ್ತು ನೋಡು. 20 ಎಂಒಎ ಅಂತ ಬರೆದಿದ್ದು ಸುಳ್ಳು!"

ಸುಳ್ಳಲ್ಲ ಮಾರಾಯ್ರೆ. ಮೌಂಟಿಗೆ ಕೊಟ್ಟ ಇಳಿಜಾರನ್ನು ಎಂಒಎ (ಮಿನಿಟ್ ಆಫ್ ಆ್ಯಂಗಲ್) ಎಂಬ ಕೋನದ ಅಳತೆಯಲ್ಲಿ ಬರೆದಿರುತ್ತಾರೆ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಒಂದು ಎಂಒಎ. 20 ಎಂಒಎ ಅಂದರೆ ಡಿಗ್ರಿಯ ಮೂರನೇ ಒಂದು ಭಾಗ. ಎಷ್ಟೋ ಆ್ಯಪ್ ಇಡೀ ಡಿಗ್ರಿಯನ್ನಷ್ಟೇ ತೋರಿಸುತ್ತವೆ. 0.1 ಡಿಗ್ರಿ ತೋರಿಸಿದರೂ ಆ ಒಂದು ಹೆಜ್ಜೆಯೇ 6 ಎಂಒಎ ಆಯಿತು. ಹಿಂಬದಿಯಲ್ಲಿ ಕ್ಯಾಮೆರಾ ಉಬ್ಬಿದ ಫೋನು ಮೊದಲೇ ಓರೆ ಕೂರುತ್ತದೆ, ಆ ಲೆಕ್ಕ ಬೇರೆ.

ಮೌಂಟ್ ಬಿಚ್ಚಿ ಸರ್ಫೇಸ್ ಪ್ಲೇಟ್, ಅಂದರೆ ಅಳತೆಗೆಂದೇ ಸಪಾಟು ಮಾಡಿದ ಹಲಗೆಯ ಮೇಲಿಡಿ. ಇಲ್ಲದಿದ್ದರೆ ದಪ್ಪ ಗಾಜೂ ನಡೆಯುತ್ತದೆ. ಸ್ಕೋಪನ್ನು ಹಿಡಿಯುವ ರಿಂಗುಗಳಲ್ಲಿ ಸ್ಕೋಪಿನ ಬದಲು ಅದೇ ದಪ್ಪದ ನೇರ ಸರಳು ಕೂರಿಸಿ. ಮುಂದೊಂದು ಕಡೆ, ಹಿಂದೊಂದು ಕಡೆ ಸರಳಿನ ಎತ್ತರ ಅಳೆಯಿರಿ. ಎರಡರ ವ್ಯತ್ಯಾಸವನ್ನು ನಡುವಿನ ದೂರದಿಂದ ಭಾಗಿಸಿದರೆ ಬರುವುದೇ ಆ ಇಳಿಜಾರಿನ ಕೋನದ ಟ್ಯಾನ್, ಹತ್ತನೇ ಕ್ಲಾಸಿನದೇ. 100 ಮಿ.ಮೀ. ಅಂತರದಲ್ಲಿ 20 ಎಂಒಎಗೆ ವ್ಯತ್ಯಾಸ 0.58 ಮಿ.ಮೀ. ವರ್ನಿಯರ್ ಹಿಡಿದ ಕೈ 0.05 ಮಿ.ಮೀ. ತಪ್ಪಿದರೂ ಲೆಕ್ಕದ ತಪ್ಪು ಎರಡು ಎಂಒಎ ದಾಟುವುದಿಲ್ಲ.

ಎಲ್ಲರೂ ಎಡವುವುದು ಆ "ನಡುವಿನ ದೂರ"ದಲ್ಲಿ. ಅದು ಮೌಂಟಿನ ಪೂರ್ತಿ ಉದ್ದ ಅಲ್ಲ. ರಿಂಗಿನಿಂದ ರಿಂಗಿಗೆ ಇರುವ ದೂರವೂ ಅಲ್ಲ. ನೀವು ಅಳತೆ ತೆಗೆದ ಎರಡು ಜಾಗಗಳ ನಡುವಿನ ದೂರ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ ಅಂದರೆ ಯಾರೂ ಹಾಕುವುದಿಲ್ಲ. 80 ಮಿ.ಮೀ. ಇದ್ದಿದ್ದನ್ನು 100 ಅಂತ ಹಿಡಿದರೆ 20 ಎಂಒಎ ಮೌಂಟ್ 16 ಆಗಿಬಿಡುತ್ತದೆ. ಆಮೇಲೆ ಅಂಗಡಿಯವನ ಮೇಲೆ ಜಗಳ. ಇನ್ನು ಕೆಲವರು "ಇದು ಎತ್ತರದ ಮೌಂಟು, ಹಂಗಾಗಿ ಕೋನ ಜಾಸ್ತಿ" ಅನ್ನುತ್ತಾರೆ. ಎರಡು ತುದಿಯೂ ಒಂದೇ ಸಮ ಎತ್ತರವಿದ್ದರೆ ಕೋನ ಎಲ್ಲಿಂದ ಬಂತು?

ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಏರ್‌ಗನ್ನಿನವರಿಗೇ ಇಂಥ ಇಳಿಜಾರು ಮೌಂಟ್ ಜಾಸ್ತಿ ಬೇಕಾಗುವುದು. ಕೆಲವು ಗನ್ನುಗಳಲ್ಲಿ ನಳಿಗೆ ಸ್ವಲ್ಪ ತಗ್ಗಿರುತ್ತದೆ, ಸ್ಕೋಪಿನ ತಿರುಪು ಪೂರ್ತಿ ತಿರುಗಿಸಿದರೂ ಗುರಿ ಮೇಲೇರುವುದಿಲ್ಲ. ತಿರುಪನ್ನು ನಡುಮಧ್ಯಕ್ಕೆ ತಂದು ಕಾಗದಕ್ಕೆ ಹೊಡೆದು ನೋಡಿ. 25 ಮೀಟರಿನಲ್ಲಿ 10 ಸೆಂ.ಮೀ. ಕೆಳಗೆ ಬಿದ್ದರೆ ಮಿ.ಮೀ. ಲೆಕ್ಕದಲ್ಲಿ 100 ಭಾಗಿಸು 25,000, ಅಂದರೆ 0.004. ರಿಂಗುಗಳ ಅಂತರ 80 ಮಿ.ಮೀ. ಇದ್ದರೆ ಹಿಂದಿನ ರಿಂಗು 0.32 ಮಿ.ಮೀ. ಏರಬೇಕು. ಹಿಂದಿನದು, ಮುಂದಿನದಲ್ಲ.

ಹಾಗಂತ ಒಂದೇ ರಿಂಗಿನಡಿ ಏನಾದರೂ ತುರುಕಬೇಡಿ, ಸ್ಕೋಪಿನ ಕೊಳವೆ ಬಾಗಬಹುದು. ಕುಮಟಾ ಕಡೆಯ ಒಬ್ಬರು ಮದುವೆ ಕಾಗದ ಕತ್ತರಿಸಿ ಇಟ್ಟಿದ್ದರು. ಬೇಸಿಗೆಯಲ್ಲಿ ಗುರಿ ಸರಿಯಿತ್ತಂತೆ. ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗಿ, ತಿರುಪಿನ ಒತ್ತಡಕ್ಕೆ ಚಪ್ಪಟೆಯಾಗಿತ್ತು. ಪಾಪ, ಆ ಮನುಷ್ಯ ಗಾಳಿಯನ್ನು ಬೈಯುತ್ತ ಕೂತಿದ್ದರು! ಇಳಿಜಾರು ಕೊಟ್ಟೇ ಮಾಡಿದ ಮೌಂಟ್ ಕೊಳ್ಳುವುದು ವಾಸಿ.

ಬಿಚ್ಚುವ ಮೊದಲು ಗನ್ನು ಖಾಲಿಯಿದೆಯೇ ನೋಡಿ, ಇನ್ನೊಮ್ಮೆ ನೋಡಿ. ಬಂದೂಕನ್ನು ಮಾತ್ರ ಶೆಡ್ಡಿಗೆ ತರಬೇಡಿ. ಅದರ ರಿಪೇರಿಗೆ ಲೈಸೆನ್ಸ್ ಇದ್ದವರೇ ಬೇಕು. ಮೌಂಟ್ ಕಳಿಸಿ, ಜೊತೆಗೆ ಸ್ಕೋಪಿನ ಕೊಳವೆ 25.4 ಮಿ.ಮೀ.ಯೋ 30 ಮಿ.ಮೀ.ಯೋ ಅಂತ ಚೀಟಿ ಬರೆದು ಕಳಿಸಿ. ಎರಡಕ್ಕೂ ಸರಳು ಇದೆ.